ಕುತ್ತಿಗೆಯ ಅಳತೆ

ಸಾಂತಾಕ್ರೂಜ್, ಮುಂಬಯಿ
8-8-1976, ಭಾನುವಾರ

ಪ್ರೀತಿಯ ನಿಮಗೆ,

ವಿನೋದಿನಿ ಮಾಡುವ ನಮಸ್ಕಾರಗಳು. ನಿಮ್ಮ ಆರೋಗ್ಯ ಹೇಗಿದೆ? ಕುವೈತಿನ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತಿದೆ ಎಂದು ಜೂನ್‌ನಲ್ಲಿ ಬರೆದಿದ್ದಿರಿ, ಈಗ ನಿಂತಿದೆಯೇ? ಕ್ಯಾಂಪಿನ ಅಡುಗೆಯವನಿಗೆ ಹೇಳಿ ಮಜ್ಜಿಗೆಯನ್ನಾದರೂ ಮಾಡಿಸಿಕೊಂಡು ಕುಡಿಯಿರಿ. ಇಲ್ಲಿ ಮಳೆ ಬಿಟ್ಟಿಲ್ಲ, ಒಣಗಲು ಹಾಕಿದ ಬಟ್ಟೆಗಳೆಲ್ಲ ಮುಗ್ಗುಲು ವಾಸನೆ. ಅತ್ತೆಯವರ ಮಂಡಿನೋವು ಹೆಚ್ಚಾಗಿದೆ, ಆದರೂ ಸಾಯಂಕಾಲದ ಭಜನೆ ತಪ್ಪಿಸುವುದಿಲ್ಲ. ಇನ್ನು ನಾನು ಕ್ಷೇಮ ಎಂದು ಬರೆಯಬೇಕು. ಐದು ತಿಂಗಳಿಂದ ಪ್ರತಿ ಕಾಗದದಲ್ಲೂ ಹಾಗೆಯೇ ಬರೆದಿದ್ದೇನೆ. ಇವತ್ತು ಕೈ ಬರುತ್ತಿಲ್ಲ.

ಮಾರ್ಚ್ ಹದಿಮೂರರಂದು ನಡೆದದ್ದನ್ನು ನಿಮಗೆ ಅತ್ತೆಯವರು ಬರೆದರು. ಮಾಂಗಲ್ಯದ ಸರ ಕಳುವಾಯಿತು ಎಂದು ಬರೆದರು. ಕಳುವಾಗಲು ಅದೇನು ಪೆಟ್ಟಿಗೆಯಲ್ಲಿ ಇರಲಿಲ್ಲ, ನನ್ನ ಕೊರಳಲ್ಲಿತ್ತು. ಅವತ್ತು ಶನಿವಾರ, ಅರ್ಧ ದಿನದ ಆಫೀಸು ಮುಗಿಸಿ ಬಾಂದ್ರಾದಲ್ಲಿ ಲೋಕಲ್ ಹತ್ತಿದೆ. ಈಗ ಗಾಡಿಗಳು ಗಡಿಯಾರ ನೋಡಿಕೊಂಡು ಬರುತ್ತವೆ ಎಂದು ಎಲ್ಲರೂ ಹೊಗಳುತ್ತಾರಲ್ಲ, ಅದೂ ಸರಿಯಾದ ಸಮಯಕ್ಕೇ ಬಂತು. ಹೆಂಗಸರ ಡಬ್ಬಿಯಲ್ಲಿದ್ದ ಇನ್ನಿಬ್ಬರೂ ಖಾರ್‌ನಲ್ಲಿ ಇಳಿದರು. ಗಾಡಿ ಹೊರಟ ಮೇಲೆ ಒಬ್ಬ ಓಡಿ ಬಂದು ಹತ್ತಿದ. ಡಬ್ಬಿ ತಪ್ಪಿ ಹತ್ತಿದ್ದಾನೆ ಎಂದುಕೊಂಡೆ. ಹಿಂದಿನಿಂದ ಬಂದು ಸರಕ್ಕೆ ಕೈ ಹಾಕಿ ತಿರುಚಿದ. ಅದು ನಿಮ್ಮ ತಂದೆ ಮುಂದೆ ಕುಳಿತು ಮಾಡಿಸಿದ ಎರಡೆಳೆಯ ಸರ, ಗಟ್ಟಿಯಾಗಿತ್ತು, ಹರಿಯಲಿಲ್ಲ. ಅವನು ನನ್ನ ಬೆನ್ನಿಗೆ ಮಂಡಿ ಕೊಟ್ಟು ಎಳೆದ. ಕಣ್ಣು ಕತ್ತಲೆ ಬಂತು. ಉಸಿರು ಒಳಗೂ ಇಲ್ಲ, ಹೊರಗೂ ಇಲ್ಲ. ಸಾಯುತ್ತಿದ್ದೇನೆ ಎಂದು ಸ್ಪಷ್ಟವಾಗಿ ಗೊತ್ತಾಯಿತು, ನೀವು ನೆನಪಾಗಲಿಲ್ಲ, ದೇವರೂ ನೆನಪಾಗಲಿಲ್ಲ. ಕೊನೆಗೆ ಕೊಂಡಿ ಬಿಟ್ಟುಕೊಂಡಿತು. ಸಾಂತಾಕ್ರೂಜ್ ಬರುವ ಮೊದಲೇ ಅವನು ಹಾರಿಕೊಂಡ.

ಪೊಲೀಸ್ ಚೌಕಿಯಲ್ಲಿ ಎಷ್ಟು ತೊಲ ಎಂದು ಕೇಳಿದರು. ನನಗೆ ಸ್ವರ ಹೊರಡುತ್ತಿರಲಿಲ್ಲ, ಕಾಗದದ ಮೇಲೆ ಬರೆದು ಕೊಟ್ಟೆ. ಅವರ ವರದಿಯಲ್ಲಿ ಸರದ ವಿವರ ನಾಲ್ಕು ಸಾಲಿತ್ತು, ನನ್ನ ಗಾಯದ ಮಾತು ಒಂದು ಸಾಲೂ ಇರಲಿಲ್ಲ. ಡಾಕ್ಟರು ಎರಡು ಹೊಲಿಗೆ ಹಾಕಿ ಪಟ್ಟಿ ಕಟ್ಟಿದರು. ಮನೆಗೆ ಬಂದೆ. ಅತ್ತೆಯವರು ನನ್ನನ್ನು ನೋಡಿ ಅತ್ತರು, ನನ್ನನ್ನೇ ನೋಡಿ ಅಳುತ್ತಿದ್ದಾರೆ ಎಂದು ನಾನೂ ಅತ್ತೆ. ಅವರು ಒಳಗೆ ಹೋಗಿ ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ತಂದರು. "ಮುತ್ತೈದೆ ಕತ್ತು ಬರಿದಾಗಿರಬಾರದು ಕಣೇ, ಅಲ್ಲಿ ಅವನೊಬ್ಬನೇ ಇದಾನೆ" ಎಂದು ಹಿಂದೆ ನಿಂತು, ಪಟ್ಟಿಯ ಮೇಲೆಯೇ ಗಂಟು ಹಾಕಿದರು. ನಾನು ಒಂದೇ ಮಧ್ಯಾಹ್ನದಲ್ಲಿ ಎರಡನೆಯ ಸಲ ಉಸಿರು ಕಳೆದುಕೊಂಡು ನೆಲಕ್ಕೆ ಬಿದ್ದೆ. ಎಚ್ಚರವಾದಾಗ ದಾರ ಕೊರಳಲ್ಲೇ ಇತ್ತು. ನಿಮ್ಮ ಕಾಗದ ಹನ್ನೆರಡು ದಿನಕ್ಕೆ ಬಂತು. ಗಾಡಿಯ ಬಾಗಿಲ ಹತ್ತಿರ ಯಾಕೆ ಕುಳಿತಿದ್ದೆ ಎಂದು ಕೇಳಿದ್ದಿರಿ. ನಾನು ಕಿಟಕಿಯ ಹತ್ತಿರ ಕುಳಿತಿದ್ದೆ. ತಾಳಿಗಾಗಿ ಈ ಮನೆಯಲ್ಲಿ ಎಲ್ಲರೂ ಅತ್ತರು, ಕುತ್ತಿಗೆ ಹೇಗಿದೆ ಎಂದು ಕೇಳಲು ಯಾರಿಗೂ ಬಿಡುವಾಗಲಿಲ್ಲ.

ಗಾಯ ಮೂರು ವಾರದಲ್ಲಿ ಮಾಯಿತು. ಅದರಾಚೆಗಿನದು ಮಾಯಲಿಲ್ಲ. ಬೆನ್ನ ಹಿಂದೆ ಯಾರಾದರೂ ನಿಂತರೆ ಅಂಗೈ ಬೆವರುತ್ತಿತ್ತು. ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಹಾಕಿ, ಬಾಗಿಲಿಗೆ ಮುಖ ಮಾಡಿ ತರಕಾರಿ ಹೆಚ್ಚುತ್ತಿದ್ದೆ. ತಲೆಗೆ ನೀರು ಹಾಕಿಕೊಳ್ಳಲು ಬಗ್ಗಿದರೆ ಕತ್ತು ತೆರೆದುಕೊಳ್ಳುತ್ತದಲ್ಲ, ಅದಕ್ಕೆ ಹೆದರಿ ಹದಿನೈದು ದಿನಕ್ಕೊಮ್ಮೆ ಎರೆದುಕೊಂಡೆ. ಅತ್ತೆಯವರು ಗಲೀಜು ಎಂದರು, ಆಮೇಲೆ ಹಟ ಎಂದರು. ಆಫೀಸಿಗೆ ಒಂದು ತಿಂಗಳು ರಜೆ ಹಾಕಿ, ಅನಂತರ ಬಸ್ಸಿನಲ್ಲಿ ಹೋದೆ. ಬಸ್ಸಿನಲ್ಲೂ ಜನ ಹಿಂದೆಯೇ ನಿಲ್ಲುತ್ತಾರೆ, ಅರ್ಧ ದಾರಿಯಲ್ಲಿ ಇಳಿದು ನಡೆಯುತ್ತಿದ್ದೆ. ನನ್ನ ಮೈ ನನ್ನದಾಗಿರಲಿಲ್ಲ. ಯಾರೋ ಕೈಹಾಕಿ ಬಿಟ್ಟುಹೋದ ಸಾಮಾನಿನ ಹಾಗೆ ಅದನ್ನು ಹೊತ್ತು ತಿರುಗುತ್ತಿದ್ದೆ.

ಸ್ಟೇಷನ್ ರಸ್ತೆಯಲ್ಲಿ ಹುಬ್ಬಳ್ಳಿ ಕಡೆಯ ಚಮನಸಾಬ ಎನ್ನುವ ದರ್ಜಿಯ ಅಂಗಡಿ ಇದೆ. ಹೆಂಗಸರ ಬಟ್ಟೆ ಹೊಲಿಯುವುದು ಅವರ ಹೆಂಡತಿ ಜುಬೇದಾ, ಒಳಗಿನ ಪರದೆಯ ಹಿಂದೆ. ನನ್ನ ರವಿಕೆಗಳೆಲ್ಲ ಕತ್ತಿಗೆ ತಾಗಿ ಹಿಂಸೆಯಾಗುತ್ತಿದ್ದವು, ಅಗಲ ಕತ್ತಿನ ಎರಡು ಹೊಲಿಸಬೇಕೆಂದು ಮೇ ತಿಂಗಳಲ್ಲಿ ಹೋದೆ. ಆಕೆ ಟೇಪು ಹಿಡಿದು ಹತ್ತಿರ ಬಂದಳು, ನಾನು ಗೋಡೆಗೆ ಅಂಟಿಕೊಂಡೆ. ಆಕೆ ನನ್ನ ಗಾಯದ ಗುರುತನ್ನು ನೋಡಿದಳು. ಏನಾಯಿತು ಎಂದು ಕೇಳಲಿಲ್ಲ. ಟೇಪನ್ನು ನನ್ನ ಕೈಗೆ ಕೊಟ್ಟಳು. "ನೀವ ಅಳತಿ ತಗೋರಿ ಅಕ್ಕಾರ, ನಾ ಬರಕೊಂತೀನಿ. ಅವಸರ ಏನಿಲ್ರಿ" ಎಂದಳು. ಆ ದಿನ ಸೊಂಟದ ಅಳತೆ, ತೋಳಿನ ಅಳತೆ ಮಾತ್ರ ಆಯಿತು. ಕುತ್ತಿಗೆಯದನ್ನು ತೆಗೆದುಕೊಳ್ಳಲು ನಾನು ಇನ್ನೂ ನಾಲ್ಕು ಸಲ ಹೋದೆ. ಪ್ರತಿ ಸಲವೂ ಆಕೆ ಹೊಲಿಯುತ್ತಾ ಕುಳಿತಿರುತ್ತಿದ್ದಳು, ನಾನು ಟೇಪನ್ನು ಹೆಗಲವರೆಗೆ ತಂದು ಇಳಿಸಿಬಿಡುತ್ತಿದ್ದೆ. ಐದನೆಯ ಸಲ ನನ್ನ ಕೈಯಿಂದಲೇ ನನ್ನ ಕುತ್ತಿಗೆಗೆ ಟೇಪು ಸುತ್ತಿದೆ. ಎಷ್ಟು ಇಂಚು ಎಂದು ಓದುವಾಗ ಅಳು ಬಂತು. ಆಕೆ ಬರೆದುಕೊಂಡಳು.

ಮುಟ್ಟದೆ ಕಾಯಬೇಕೆಂದು ನಿನಗೆ ಹೇಗೆ ಗೊತ್ತು ಎಂದು ಒಮ್ಮೆ ಜುಬೇದಾಳನ್ನು ಕೇಳಿದೆ. ಮದುವೆಗೆ ಮುಂಚೆ ಸ್ಟೋವ್ ಸಿಡಿದು ಆಕೆಯ ತೋಳು ಸುಟ್ಟಿತ್ತಂತೆ. ಒಂದು ವರ್ಷ ಯಾರು ಹತ್ತಿರ ಬಂದರೂ ಕಿರುಚುತ್ತಿದ್ದಳಂತೆ. ಆಕೆಯ ತಾಯಿ ಮಾತ್ರ ಔಷಧ ಹಚ್ಚುವ ಮೊದಲು ಪ್ರತಿಸಲ ಕೇಳಿ, ಹ್ಞೂಂ ಅನ್ನುವವರೆಗೆ ಕಾಯುತ್ತಿದ್ದರಂತೆ. ನಮ್ಮ ಮನೆಯಲ್ಲಿ ಇಷ್ಟು ಓದಿದವರಿದ್ದಾರೆ, ಯಾರಿಗೂ ಇದು ಹೊಳೆಯಲಿಲ್ಲ. ನಿಮ್ಮನ್ನು ನೋಯಿಸಲು ಬರೆಯುತ್ತಿಲ್ಲ, ಆದರೆ ನೋವಾದರೆ ಆಗಲಿ.

ಜುಲೈನಲ್ಲಿ ಜುಬೇದಾ ನನ್ನ ಜೊತೆ ಲೋಕಲ್ ಹತ್ತಿದಳು. "ನಿಮ್ಮ ಬೆನ್ನಿಗೆ ನನ್ನ ಬೆನ್ನು ಹಚ್ಚಿ ನಿಂದರ್ತೀನ್ರಿ, ಹಿಂದಿಂದು ನಾ ನೋಡ್ಕೊಂತೀನಿ" ಎಂದಳು. ಬಾಂದ್ರಾವರೆಗೆ ಹಾಗೆಯೇ ನಿಂತೆವು. ಐದು ದಿನ ಆಕೆ ಬಂದಳು, ಆರನೆಯ ದಿನ ನಾನೊಬ್ಬಳೇ ಹೋದೆ. ಕಳೆದ ವಾರ ಒಬ್ಬ ಹೆಂಗಸು ಚೀಲ ತೂಗುಹಾಕಲು ನನ್ನ ತಲೆಯ ಮೇಲಿಂದ ಕೈ ಚಾಚಿದಳು, ನಾನು ಆಕೆಯನ್ನು ಜೋರಾಗಿ ನೂಕಿಬಿಟ್ಟೆ. ಇಡೀ ಡಬ್ಬಿ ಮರಾಠಿಯಲ್ಲಿ ನನ್ನನ್ನು ಬೈಯಿತು. ಕ್ಷಮೆ ಕೇಳಿದೆ. ಆದರೆ ನನ್ನ ಸ್ಟೇಷನ್ ಬರುವವರೆಗೆ ಇಳಿಯಲಿಲ್ಲ. ಇದನ್ನು ವಾಸಿಯಾಯಿತು ಎನ್ನುತ್ತಾರೋ ಇಲ್ಲವೋ ತಿಳಿಯದು.

ಮುಂದಿನ ತಿಂಗಳು ಮನೆಗೆ ಬರುವ ನಿಮ್ಮ ಪ್ರಯಾಣ ಸುಖವಾಗಲಿ. ಕೆಲಸ ಒಪ್ಪಿಸಿ ಬರುವಾಗ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಊಟದ ಹೊತ್ತು ತಪ್ಪಿಸಬೇಡಿ.

ಇತಿ ನಿಮ್ಮ,
ವಿನೋದಿನಿ

ಮರೆತೆ ಎಂದು ತಿಳಿಯಬೇಡಿ, ಬರೆಯಲು ಧೈರ್ಯ ಬಂದದ್ದು ಈಗ. ಅರಿಶಿನದ ದಾರವನ್ನು ನಾನು ತೆಗೆದು ಇಂದಿಗೆ ಇಪ್ಪತ್ತೆರಡು ದಿನ. ಅತ್ತೆಯವರು ಅಂದಿನಿಂದ ನನ್ನ ಕೈಯ ಅಡುಗೆ ಉಣ್ಣದೆ ಅವಲಕ್ಕಿ ಕಲಸಿಕೊಳ್ಳುತ್ತಿದ್ದಾರೆ. ಅವರೂ ನಿಮಗೆ ಕಾಗದ ಬರೆಯುತ್ತಿದ್ದಾರೆ, ಅದಕ್ಕೇ ಈ ಅವಸರ. ನಿಮ್ಮ ಹೊಸ ಫೋಟೋ ನಿನ್ನೆ ಬಂತು. ಈ ಇಪ್ಪತ್ತೆರಡು ದಿನದಲ್ಲಿ ನಿಮಗೇನೂ ಆಗಿಲ್ಲ, ಮೈಕೈ ತುಂಬಿಕೊಂಡಿದ್ದೀರಿ. ಸೆಪ್ಟೆಂಬರಿನಲ್ಲಿ ಅತ್ತೆಯವರು ನೆಂಟರನ್ನು ಕರೆದು ನಿಮ್ಮ ಕೈಯಿಂದ ಮತ್ತೆ ತಾಳಿ ಕಟ್ಟಿಸುತ್ತಾರಂತೆ. ಯಾರೂ ಹರಿಯಲಾಗದಂಥ ಸರ ಕೊಂಡಿದ್ದೇನೆ ಎಂದು ನೀವೂ ಬರೆದಿದ್ದೀರಿ. ಹರಿಯದಿದ್ದರೆ ನನಗೇನಾಗುತ್ತದೆ ಎಂದು ನಿಮಗೆ ಹೊಳೆಯಲಿಲ್ಲವೇ? ಅದನ್ನು ಅಲ್ಲೇ ಮಾರಿ ಬನ್ನಿ. ನಾನು ಕತ್ತು ಬಗ್ಗಿಸುವುದಿಲ್ಲ. ವಿಮಾನ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಎದುರಿನಿಂದ ಬನ್ನಿ. ಮುಟ್ಟುವ ಮೊದಲು ಕೇಳಿ. ಬೇಡ ಎಂದರೆ ಸಿಟ್ಟಾಗಬೇಡಿ, ಅಳಬೇಡಿ, ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಿ.