ಉಮ್ಮನ ಕಾರ್ಡು, ತಿಮ್ಮಕ್ಕನ ಬೀಡಿ

ಪುತ್ತೂರು
14 ಅಕ್ಟೋಬರ್ 2025, ಮಂಗಳವಾರ

ಪ್ರೀತಿಯ ಹೇಮಶ್ರೀ,

‘ಪ್ರೀತಿಯ’ ಎಂದು ಬರೆಯುವ ಹಕ್ಕು ಇವಳಿಗೆಲ್ಲಿದೆ ಎಂದು ಅನ್ನಿಸಿದರೆ ಆ ಒಂದು ಪದವನ್ನು ಹೊಡೆದು ಹಾಕು. ಕಾಗದ ಮಾತ್ರ ಹರಿಯಬೇಡ. ಶುಕ್ರವಾರದ ಒಳಗೆ ನೀನು ಇದನ್ನು ಪೂರ್ತಿ ಓದಲೇಬೇಕು.

ನಾನು ಇಲ್ಲಿ ತರಬೇತಿಗೆ ಸೇರಿದ ಮೇಲೆ ನೀನು ನನ್ನ ನಂಬರು ಬ್ಲಾಕ್ ಮಾಡಿ ತಿಂಗಳಾಯಿತು. ಕಳೆದ ಶನಿವಾರ ಕೋಡಿಂಬಾಳಕ್ಕೆ ಬಂದು ನಿಮ್ಮ ಬಾಗಿಲು ತಟ್ಟಿದರೆ ನೀನು ಒಳಗೆ ಮಿಕ್ಸಿ ತಿರುಗಿಸಿದೆ. ಖಾಲಿ ಮಿಕ್ಸಿಯ ಸದ್ದು ನನಗೆ ಗೊತ್ತಾಗುವುದಿಲ್ಲವೇನೇ? ನಿಜ ಹೇಳಿಬಿಡುತ್ತೇನೆ ಎಂದು ನಾನು ಹೊರಗಿನಿಂದ ಕೂಗಿದ್ದು ನಿನಗೆ ಕೇಳಿಸಲೇ ಇಲ್ಲ. ಹಾಗಾಗಿ ಈ ಕಾಗದ. ಸ್ಪೀಡ್ ಪೋಸ್ಟ್ ಮಾಡಿದರೆ ಗುರುವಾರ ಸಿಗಬಹುದು ಎಂದು ಪೋಸ್ಟಾಫೀಸಿನವರು ಹೇಳಿದ್ದಾರೆ. ನಿನ್ನ ಸೀಟು ಈಗ ಆ ‘ಬಹುದು’ ಎಂಬ ಮಾತಿನ ಮೇಲೆ ನಿಂತಿದೆ.

ಹೌದು, ನಿನ್ನ ಸೀಟು ಎಂದೇ ಬರೆದದ್ದು. ಟ್ರಸ್ಟಿನವರು ಇಲ್ಲಿ ಡಯಾಲಿಸಿಸ್ ತರಬೇತಿ ಶುರು ಮಾಡಿದ್ದು ಬೀಡಿ ಕಟ್ಟುವವರ ಹೆಣ್ಣುಮಕ್ಕಳಿಗೆಂದು. ಒಂದು ವರ್ಷ ಕಲಿಕೆ, ಹಾಸ್ಟೆಲು, ಊಟ, ಮುಗಿದ ಮೇಲೆ ಆಸ್ಪತ್ರೆಯಲ್ಲಿ ಕೆಲಸ. ನಮ್ಮ ಕಡಬದ ಕಡೆಗೆ ಇದ್ದದ್ದು ಒಂದೇ ಸೀಟು. ಆ ಸುದ್ದಿಯ ಪೇಪರ್ ಕತ್ತರಿಸಿ ನನಗೆ ತಂದುಕೊಟ್ಟವಳೇ ನೀನು. ಪಿಯುಸಿಯಲ್ಲಿ ನನ್ನ ತಲೆಗೆ ಕೆಮಿಸ್ಟ್ರಿ ತುಂಬಿಸಿದವಳೂ ನೀನು. ಇಬ್ಬರೂ ಅರ್ಜಿ ಹಾಕುವ, ಯಾರಿಗೆ ಸಿಕ್ಕಿದರೂ ಖುಷಿ ಅಂದುಕೊಂಡಿದ್ದೆವು. ನನ್ನ ಮಟ್ಟಿಗೆ ಅದು ಸುಳ್ಳು. ನನಗೇ ಸಿಗಬೇಕೆಂದು ನಾನು ಮೊದಲ ದಿನದಿಂದ ಆಸೆಪಟ್ಟಿದ್ದೆ.

ಅರ್ಜಿಯ ಜೊತೆ, ಬೀಡಿ ಕಟ್ಟುವವರೆಂದು ತಾಯಿಗೆ ಕಂಪೆನಿ ಕೊಟ್ಟ ಬೀಡಿ ಕಾರ್ಡು ಕೇಳಿದರು. ಇನ್ನು ಬರೆಯುವುದು ನಿನಗೆ ಗೊತ್ತಿರುವ ಸಂಗತಿಯೇ. ಆದರೂ ನನ್ನ ಕೈಬರಹದಲ್ಲಿ ಇರಲಿ, ಯಾರಿಗೆ ಬೇಕಾದರೂ ತೋರಿಸು. ನೀನು ಹುಟ್ಟಿದಾಗ ಕೆಲಸ ನಿಲ್ಲಿಸಿದ್ದಕ್ಕೆ ನಿನ್ನ ಅಮ್ಮ ತಿಮ್ಮಕ್ಕನ ಕಾರ್ಡು ರದ್ದಾಯಿತು, ಕಂಪೆನಿ ಮತ್ತೆ ಕೊಡಲಿಲ್ಲ. ಅಂದಿನಿಂದ ಅವರು ಕಟ್ಟಿದ ಬೀಡಿ ನನ್ನ ಉಮ್ಮನ ಕಾರ್ಡಿನಲ್ಲಿ ಹೋಗುತ್ತಿತ್ತು. ನಮ್ಮ ಕಡೆ ಒಂದು ಕಾರ್ಡಿನಲ್ಲಿ ಎರಡು ಮೂರು ಮನೆ ನಡೆಯುವುದು ಹೊಸದಲ್ಲ, ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರೂ ನೋಡಿ ನೋಡದ ಹಾಗೆ ಇರುತ್ತಾರೆ. ಎರಡು ವರ್ಷದ ಹಿಂದೆ ಉಮ್ಮ ಬಾವಿಕಟ್ಟೆಯಲ್ಲಿ ಜಾರಿ ಬಲಗೈ ಮುರಿದುಕೊಂಡರಲ್ಲ, ಆಮೇಲೆ ಅವರ ಬೆರಳು ಮಡಚಲೇ ಇಲ್ಲ. ಈ ಎರಡು ವರ್ಷ ಆ ಕಾರ್ಡಿನಲ್ಲಿ ಹೋದ ಒಂದು ಬೀಡಿಯೂ ಉಮ್ಮನದ್ದಲ್ಲ. ಎಲ್ಲ ತಿಮ್ಮಕ್ಕ ಕಟ್ಟಿದ್ದು. ಬಂದದ್ದರಲ್ಲಿ ಅರ್ಧವನ್ನು ಉಮ್ಮ ಬೇಡ ಬೇಡ ಎಂದರೂ ನಮ್ಮ ಜಗಲಿಯಲ್ಲಿ ಇಟ್ಟು ಹೋಗುತ್ತಿದ್ದರು.

ಅಂಥವರ ಬಗ್ಗೆ ನಾನು ಏನು ಹೇಳಿದೆ ಗೊತ್ತಾ? ಸಂದರ್ಶನದ ದಿನ ಕೇಂದ್ರದ ಮುಖ್ಯಸ್ಥೆ ಶಮೀನಾ ಮೇಡಂ ಕಾರ್ಡಿಲ್ಲದ ನಿನ್ನ ಅರ್ಜಿ ಎದುರಿಗಿಟ್ಟುಕೊಂಡು, ನಿಮ್ಮ ನೆರೆಮನೆಯ ತಿಮ್ಮಕ್ಕ ಬೀಡಿ ಕಟ್ಟುದು ಉಂಟಾ ಎಂದು ನನ್ನನ್ನು ಕೇಳಿದರು. ಇಲ್ಲ ಮೇಡಂ, ನಾನು ನೋಡಿಲ್ಲ ಅಂದೆ. ಹೌದೆಂದರೆ ಕಾರ್ಡಿನ ಗುಟ್ಟು ಹೊರಬಿದ್ದು ಎರಡೂ ಮನೆಗೆ ತೊಂದರೆ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನೆಪ, ಹೇಮಾ. ನನಗೆ ಸೀಟು ಬೇಕಿತ್ತು.

ಒಂದು ತಿಂಗಳಿಂದ ಯಂತ್ರಕ್ಕೆ ಕೊಳವೆ ಜೋಡಿಸುವುದನ್ನು ಕಲಿಯುತ್ತಿದ್ದೇನೆ. ರೋಗಿಯ ಮೈಯಿಂದ ರಕ್ತ ತರುವುದು ಕೆಂಪು, ತಿರುಗಿ ಕೊಡುವುದು ನೀಲಿ. ನನಗೆ ಕೆಲಸ ಚೆನ್ನಾಗಿ ಬರುತ್ತದೆ. ಅದೇ ಸಂಕಟ. ಇಷ್ಟವಾಗದೆ ಇದ್ದಿದ್ದರೆ ಬಿಟ್ಟು ಬರುವುದು ಸುಲಭವಿತ್ತು.

ಕಳೆದ ಗುರುವಾರ ಹೆತ್ತವರ ಸಭೆಗೆ ಉಮ್ಮ ಬಂದಿದ್ದರು. ಎಡಗೈಯಲ್ಲಿ ನೀರು ಕುಡಿದರೆ ನಮಗೆ ಪೆಟ್ಟು ಕೊಡುತ್ತಿದ್ದ ಉಮ್ಮ, ಎಲ್ಲರ ಎದುರು ಚಹಾದ ಲೋಟವನ್ನು ಎಡಗೈಯಲ್ಲಿ ಎತ್ತಿದರು. ಶಮೀನಾ ಮೇಡಂನ ತಾಯಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಮೇಡಂ ಆ ಲೋಟ ನೋಡಿದರು, ಆಮೇಲೆ ಉಮ್ಮನ ಮಡಿಲಲ್ಲಿದ್ದ ಬಲಗೈ ನೋಡಿದರು. ಮರುದಿನ ನೋಟಿಸು ಬಂತು: ಎಲ್ಲರ ಮನೆಗೂ ಭೇಟಿ ಉಂಟು, ಹದಿನೇಳನೇ ತಾರೀಕು ಶುಕ್ರವಾರ ಕಡಬದಿಂದ ಶುರು. ಎಲ್ಲರ ಮನೆಗೂ ಎಂದೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೊಬ್ಬಳು ಬೆವರಿದೆ.

ಅಂದು ರಾತ್ರಿ ಉಮ್ಮ ಫೋನಿನಲ್ಲಿ, ಆ ಒಂದು ದಿನ ಹೇಮಾ ಬಾಯಿ ಮುಚ್ಚಿಕೊಂಡರೆ ಸಾಕು, ಅವಳಿಗೆ ಕಾಲು ಹಿಡಿದು ಬರೆ ಮಗಳೇ ಎಂದರು. ಸುಳ್ಳು ಯಾಕೆ, ಹಾಗೆ ಬರೆಯಲೂ ಕೂತಿದ್ದೆ. ಎರಡು ಹಾಳೆ ಬರೆದು ಹರಿದೆ.

ನಿನ್ನೆ ಬೆಳಿಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಮೇಡಂ ಕೈಗೆ ಕೊಟ್ಟೆ. ನಿಂತುಕೊಂಡೇ ಓದಿದರು. ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ನಮ್ಮ ನಿಯಮದಲ್ಲಿ ಇರುದು ಬೀಡಿ ಕಟ್ಟುವವರ ಮಗಳು ಅಂತ, ಕಾರ್ಡು ಇರುವವರ ಮಗಳು ಅಂತ ಅಲ್ಲ, ಆದರೆ ಇನ್ನು ನಿನ್ನ ಬಾಯಿಮಾತಿಗೆ ಎಂತ ಬೆಲೆ ಉಂಟು ಎಂದು ಕೇಳಿದರು. ಶುಕ್ರವಾರ ತಿಮ್ಮಕ್ಕನನ್ನೇ ಕೇಳುತ್ತಾರಂತೆ. ಅವರು ಹೌದೆಂದರೆ ಸೋಮವಾರದಿಂದ ನೀನು ಇಲ್ಲಿರುತ್ತೀ. ಇಲ್ಲವೆಂದರೆ ಸೀಟು ನೆಟ್ಟಣದ ಹುಡುಗಿಗೆ, ಪಟ್ಟಿಯಲ್ಲಿ ಮುಂದಿನ ಹೆಸರು ಅವಳದ್ದು. ನಾನಂತೂ ಹೇಗಿದ್ದರೂ ಶನಿವಾರ ಮನೆಗೆ. ಕಾರ್ಡಿನ ವಿಷಯ ಕಂಪೆನಿಗೆ ಹೇಳುವುದು ತಮ್ಮ ಕೆಲಸವಲ್ಲ ಎಂದು ಮೇಡಂ ಹೇಳಿದರು. ನಾನು ಅದನ್ನು ನಂಬಿದ್ದೇನೆ. ಆದರೆ ಬೇರೆ ಯಾರ ಬಾಯಿಂದಲೂ ಹೋಗಲಾರದು ಎಂದು ಹೇಳುವ ಧೈರ್ಯ ನನಗಿಲ್ಲ. ಕಾರ್ಡು ಹೋದರೆ ನಿನ್ನಮ್ಮನ ಕೆಲಸವೂ ಹೋದ ಹಾಗೆ. ಅಷ್ಟನ್ನು ತಿಳಿದೇ ನೀನು ತೀರ್ಮಾನ ಮಾಡಬೇಕು.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಅದನ್ನು ನಿಧಾನ ನೋಡುವ. ನಿನ್ನ ಜೊತೆ ಮಾತಾಡದೆ ನನಗೆ ಊಟ ರುಚಿಸುತ್ತಿಲ್ಲ, ಅದು ಮಾತ್ರ ಸತ್ಯ. ಬಟ್ಟೆ ತುಂಬಿಸಿಕೊ. ಇಲ್ಲಿ ಎರಡು ಬಿಳಿ ಕೋಟು ಬೇಕಾಗುತ್ತದೆ, ನನ್ನದನ್ನು ಒಗೆದು ಇಟ್ಟು ಬರುತ್ತೇನೆ. ತೋಳು ಉದ್ದವಾದರೆ ನನ್ನನ್ನು ಬೈಯಬೇಡ, ನೀನು ಗಿಡ್ಡಿಯಾದದ್ದು ನನ್ನ ತಪ್ಪಲ್ಲ.

ಬಾಗಿಲ ಹೊರಗೆ ನಿಂತೇ ಇರುವ
ನಿನ್ನ ಜಸೀನಾ

ವಿ.ಸೂ.: ಒಂದು ಸಂಗತಿಯನ್ನು ಮೇಲೆ ಮುಚ್ಚಿಟ್ಟೆ. ನಿನಗೆ ಹೇಳುವುದಿಲ್ಲ ಎಂದು ಆಣೆ ಮಾಡಿದ್ದೆ, ಈಗ ಮುರಿಯುತ್ತಿದ್ದೇನೆ. ಶನಿವಾರ ನಾನು ಕೂಗಿದ್ದು ನಿನಗೆ ಕೇಳಿಸದಿದ್ದರೂ ಹಿತ್ತಿಲಲ್ಲಿದ್ದ ತಿಮ್ಮಕ್ಕನಿಗೆ ಕೇಳಿಸಿತ್ತು. ಭಾನುವಾರ ಒಬ್ಬರೇ ಬಸ್ಸು ಹತ್ತಿ ಹಾಸ್ಟೆಲಿಗೆ ಬಂದರು. ಟ್ರಸ್ಟಿನವರು ನನ್ನನ್ನು ಕೇಳುವ ಮೊದಲೇ ಅವರಿಗೆ ಫೋನು ಮಾಡಿದ್ದರಂತೆ. ನಾನು ಬೀಡಿ ಕಟ್ಟುದಿಲ್ಲ ಮಾರಾಯ್ರೆ, ಹುಡುಗಿ ತಿಳಿಯದೆ ಬರೆದದ್ದು ಎಂದು ಅವರೇ ಹೇಳಿದ್ದರಂತೆ. ಕಾರ್ಡು ಹೋದರೆ ನಿನ್ನ ಉಮ್ಮ ಪಾತುವಿಗೆ ಬೇರೆ ಎಂತ ಉಂಟು, ನನ್ನ ಮಗಳಿಗೆ ಎರಡು ಕೈ ಗಟ್ಟಿ ಉಂಟು ಎಂದು ನನ್ನ ಎದುರು ಅತ್ತರು. ಮೇಡಂಗೆ ಹೇಳಬೇಡ ಎಂದೂ ಬೇಡಿದರು, ಆ ಒಂದಕ್ಕೆ ಮಾತ್ರ ನಾನು ಮಾತು ಕೊಡಲಿಲ್ಲ. ಶುಕ್ರವಾರವೂ ಅವರು ಇಲ್ಲವೆಂದೇ ಹೇಳುತ್ತಾರೆ. ಅವರನ್ನು ಬೈಯಬೇಡ. ಹತ್ತಿರ ಕೂತು, ಈ ಸೀಟು ನಿನಗೆ ಬೇಕು ಎಂದು ಒಮ್ಮೆ ಬಾಯಿಬಿಟ್ಟು ಹೇಳು. ಸಿಗಲಿಲ್ಲ ಎಂದು ಗೊತ್ತಾದ ದಿನ ನೀನು ನಗುತ್ತಾ, ನನಗೆ ಅಷ್ಟೇನೂ ಆಸೆ ಇರಲಿಲ್ಲಮ್ಮ ಅಂದಿದ್ದೆಯಂತೆ. ಅವರು ಅದನ್ನು ನಂಬಿದ್ದಾರೆ.