ಮೂರನೇ ಬಾಗಿಲಿನವನಿಗೆ

ಪ್ರಿಂಟಿಂಗ್ ಪ್ರೆಸ್ಸಿನ ಶೌಚಾಲಯದಲ್ಲಿ ಮೂರನೇ ಬಾಗಿಲಿಗೆ ಹೋಗುವವನಿಗೆ,

ನೀನು ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಇಲ್ಲಿ ತೊಳೆಯುವ ಅಜ್ಜಿ ಬರೆಯುತ್ತಿದ್ದೇನೆ. ನಿನ್ನ ಮೂತ್ರದಲ್ಲಿ ರಕ್ತ ಹೋಗುತ್ತಿದೆ. ಆ ಫ್ಲಶ್ಶಿನಲ್ಲಿ ನೀರು ಸರಿಯಾಗಿ ಬರುವುದಿಲ್ಲ, ಹಾಗಾಗಿ ಈ ತಿಂಗಳು ನಾಲ್ಕು ಸಲ ನನ್ನ ಕಣ್ಣಿಗೆ ಬಿತ್ತು.

ಮೆಷಿನ್ನಿನವನಿಗೆ ಹೇಳಿದರೆ, "ಯಾರೋ ಕೆಂಪು ಇಂಕು ತೊಳ್ದಿರ್ತಾರೆ, ಬಿಡಜ್ಜಿ" ಎಂದು ನಕ್ಕ. ಇಪ್ಪತ್ತು ವರ್ಷದಿಂದ ನಿಮ್ಮ ಇಂಕು ಉಜ್ಜುತ್ತಿದ್ದೇನೆ. ಅದು ಸೀಮೆಎಣ್ಣೆ ಹಾಕದೆ ಬಿಡುವುದಿಲ್ಲ. ಇದು ಒಂದು ಮಗ್ಗು ನೀರಿಗೆ ಹೋಯಿತು.

ನೋವಿಲ್ಲ ಎಂದು ಸುಮ್ಮನಿದ್ದೀಯ, ಅಲ್ಲವೇ? ನಮ್ಮ ಯಜಮಾನರಿಗೂ ನೋವಿರಲಿಲ್ಲ. "ಬೀಟ್‌ರೂಟ್ ತಿಂದಿದ್ದೆ ಕಣೇ, ತಲೆ ತಿನ್ಬೇಡ" ಎಂದರು. ಆಮೇಲೆ ರಕ್ತ ತಾನಾಗಿಯೇ ನಿಂತಿತು. "ನೋಡಿದ್ಯಾ, ಹೋಯ್ತು" ಎಂದು ಮೀಸೆ ತಿರುವಿದರು. ಹೋಗಿರಲಿಲ್ಲ. ವರ್ಷ ಕಳೆದು ಆಸ್ಪತ್ರೆಗೆ ಎಳೆದುಕೊಂಡು ಹೋದಾಗ ಡಾಕ್ಟರು ಕೇಳಿದ್ದು ಒಂದೇ ಮಾತು: "ಮೊದ್ಲೇ ಯಾಕಮ್ಮ ಬರ್ಲಿಲ್ಲ?" ಅವರು ತೀರಿಕೊಂಡು ಆರು ವರ್ಷವಾಯಿತು.

ನಾಚಿಕೆ ಗೀಚಿಕೆ ಮೂಟೆ ಕಟ್ಟಿಡು. ನಾಳೆಯೇ ರಜೆ ಹಾಕಿ ದೊಡ್ಡಾಸ್ಪತ್ರೆಗೆ ಹೋಗು. ಮೂತ್ರದಲ್ಲಿ ರಕ್ತ ಹೋಗುತ್ತಿದೆ ಎಂದು ಬಾಯಿಬಿಟ್ಟು ಹೇಳು. ಪರೀಕ್ಷೆ ಮಾಡದೆ ಬರೀ ಮಾತ್ರೆ ಕೊಟ್ಟರೆ ಕುರ್ಚಿ ಬಿಟ್ಟು ಏಳಬೇಡ. ಹೋಗಿ ಬಂದ ಮೇಲೆ ಈ ಕಾಗದದ ಕೆಳಗೆ ಒಂದು ಗೀಟು ಎಳೆ, ನನಗಷ್ಟು ಸಾಕು. ಯಾರಾದರೂ ಇದನ್ನು ಕಿತ್ತರೆ ಇನ್ನೊಂದು ಬರೆದು ಅಂಟಿಸುತ್ತೇನೆ.

ಶನಿವಾರಕ್ಕೆ ನನ್ನ ಕೆಲಸ ಮುಗಿಯುತ್ತದೆ. ಸೋಮವಾರದಿಂದ ಬರುವವಳು ಬಲು ಚುರುಕು. ಒಳಗೆ ನೋಡುವ ಮೊದಲೇ ನೀರು ಸುರಿದುಬಿಡುತ್ತಾಳೆ.

ಇತಿ,
ತೊಳೆಯುವ ಅಜ್ಜಿ