ಬೆನ್ನ ಹಿಂದಿನ ಗಂಟು

ಗುಂಡೂ,

ಆ ಕಾಯಿಲೆ ನಿನ್ನನ್ನು ಕೊಂಡೊಯ್ದು ಮೂರು ವರ್ಷವಾಯಿತು ಕಣೇ, ಆದರೂ ಇವತ್ತಿನದನ್ನು ನಿನಗೆ ಹೇಳದೆ ಇರಲಾಗುತ್ತಿಲ್ಲ.

ಬೆಳಿಗ್ಗೆ ಆಪರೇಷನ್ ಥಿಯೇಟರಿಗೆ ಬಂದ ಹೊಸ ನರ್ಸ್, ಗೌನಿನ ದಾರ ಕಟ್ಟಿಸಿಕೊಳ್ಳಲು ನನಗೆ ಬೆನ್ನು ಮಾಡಿ ನಿಂತಳು. ಕತ್ತಿನ ಮೇಲೆ ನೀಲಿಗಟ್ಟಿದ ಬೆರಳಿನ ಗುರುತು. ಹನ್ನೆರಡು ವರ್ಷದ ಹಿಂದೆ ನನ್ನ ಕತ್ತಿನ ಮೇಲೆ ನೀನು ಕಂಡಂಥದ್ದೇ. ಅವತ್ತು ನೀನು ಏನೂ ಕೇಳದೆ ಗಂಟನ್ನು ಸಡಿಲವಾಗಿ ಕಟ್ಟಿ, "ಸಂಜೆ ನಮ್ಮನೆಗೆ ಬಾರೇ. ಹಾಸಿಗೆ ಇದೆ, ನನ್ನ ಗೊರಕೆ ಮಾತ್ರ ಸಹಿಸ್ಕೋಬೇಕು" ಅಂದಿದ್ದೆ. ನಾನು ಅಳುತ್ತಲೇ ನಕ್ಕಿದ್ದೆ. ಗಂಡನ ಮನೆಗೆ ಮತ್ತೆ ಹೋಗಲೇ ಇಲ್ಲ.

ಇವತ್ತು ನಾನೂ ಸಡಿಲವಾಗಿ ಕಟ್ಟಿದೆ. ನಿನ್ನ ಮಾತನ್ನೇ ಹೇಳಿದೆ, ಗೊರಕೆಯ ಸಮೇತ. ಅವಳೀಗ ನಮ್ಮ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಳೆ, ನಿನ್ನ ಲೋಟದಲ್ಲಿ.

ಇಷ್ಟು ಬರೆದು ಸುಮ್ಮನಾಗಬೇಕೆಂದಿದ್ದೆ. ಆಗುತ್ತಿಲ್ಲ ಕಣೇ.

ಥಿಯೇಟರಿನಲ್ಲಿ ನಿನ್ನ ಗೌನಿನ ದಾರವನ್ನು ದಿನಾ ಕಟ್ಟುತ್ತಿದ್ದವಳು ನಾನು. ಕೊನೆಯ ವರ್ಷ ಗಂಟು ಹಾಕಿದ ಮೇಲೂ ಅದು ವಾರವಾರಕ್ಕೆ ಹೆಚ್ಚೆಚ್ಚು ಉಳಿಯತೊಡಗಿತು. ಆಮೇಲೆ ನಿನ್ನ ಸೊಂಟಕ್ಕೆ ಎರಡು ಸುತ್ತು ಬಂತು. "ಯಾರಿಗೋಸ್ಕರ ಕಣೇ ಇಷ್ಟು ಸಣ್ಣ ಆಗ್ತಿದೀಯ?" ಎಂದು ರೇಗಿಸಿ, ಬಿಗಿಯಾಗಿ ಕಟ್ಟಿ ಕೆಲಸಕ್ಕೆ ಕಳಿಸಿದೆ.